ರಜೆಯ ಲೆಕ್ಕ ಬೇರೆ, ಎತ್ತರದ ಲೆಕ್ಕ ಬೇರೆ

ದಸರಾ ಮುಗಿಯುತ್ತಿದ್ದಂತೆ ನೇಪಾಳಕ್ಕೆ ಹೊರಡುವವರ ತಯಾರಿ ಜೋರಾಗುತ್ತದೆ. ಮಳೆ ನಿಂತು ಆಕಾಶ ತಿಳಿಯಾಗುವ ಅಕ್ಟೋಬರ್-ನವೆಂಬರ್ ಅಲ್ಲಿನ ಚಾರಣಕ್ಕೆ ಒಳ್ಳೆಯ ಕಾಲ. ಮಗ ಗೆಳೆಯರೊಂದಿಗೆ ಎವರೆಸ್ಟ್ ಬೇಸ್ ಕ್ಯಾಂಪಿಗೆ, ಅಪ್ಪ-ಅಮ್ಮ ಮುಕ್ತಿನಾಥಕ್ಕೆ. ಸಂತೋಷವೇ. ಆದರೆ ಶೂ, ಸ್ವೆಟರ್, ಕ್ಯಾಮೆರಾ, ಚಕ್ಕುಲಿ ಡಬ್ಬಿಗಳ ಬಗ್ಗೆ ಮನೆಯಲ್ಲಿ ನಡೆಯುವ ಚರ್ಚೆಯ ಕಾಲು ಭಾಗವೂ ‘ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ’ ಎಂಬುದರ ಬಗ್ಗೆ ನಡೆಯುವುದಿಲ್ಲ.

ಇತ್ತೀಚೆಗೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ‘ಡಾಕ್ಟ್ರೇ, ಬಿ.ಪಿ. ಮಾತ್ರೆ ಎಷ್ಟು ದಿನದ್ದು ಕಟ್ಟಿಕೊಳ್ಳಲಿ?’ ಎಂಬುದಷ್ಟೇ ಅವರ ಪ್ರಶ್ನೆ. ಪ್ರವಾಸದ ಪಟ್ಟಿಯನ್ನು ಇಸಿದುಕೊಂಡು ನೋಡಿದೆ. ಬೆಳಿಗ್ಗೆ ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನ, ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥ, ರಾತ್ರಿ ಅಲ್ಲೇ ವಾಸ. ಪೋಖರಾ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟು. ಮುಕ್ತಿನಾಥ 3,700 ಮೀಟರಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿಗೆ ಹೆಚ್ಚುಕಡಿಮೆ ಎರಡು ಪಟ್ಟು! ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಇಷ್ಟನ್ನು ಏರಿದರೆ ಅರವತ್ತೈದರ ದೇಹ ಏನು ಮಾಡಬೇಕು?

ಎತ್ತರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. 5,364 ಮೀಟರಿನ ಬೇಸ್ ಕ್ಯಾಂಪಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ದಿನಗಳು ಬೇಕು. ಒಗ್ಗುವ ಮೊದಲೇ ಮೇಲೇರಿದರೆ ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ಸುಸ್ತು. ನಮ್ಮವರು ಇದನ್ನು ಪ್ರಯಾಣದ ಆಯಾಸ, ಪಿತ್ತ, ಚಳಿ ಎಂದು ತಳ್ಳಿಹಾಕುತ್ತಾರೆ. ಎತ್ತರದ ಜಾಗದಲ್ಲಿ ಬಂದ ತಲೆನೋವನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಎತ್ತರದ್ದೇ ಎಂದು ತಿಳಿಯಿರಿ. ಅದು ಇಳಿಯುವವರೆಗೆ ಮೇಲಕ್ಕೆ ಹೋಗಬೇಡಿ.

ಇದೇ ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು ಅಥವಾ ಮೆದುಳು ಬಾತುಕೊಳ್ಳಬಹುದು. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಕುಡಿದವರಂತೆ ಓಲಾಡುವ ನಡಿಗೆ, ಅಸಂಬದ್ಧ ಮಾತು ಕಂಡರೆ ರಾತ್ರಿಯೇ ಆಗಿರಲಿ, ಜೊತೆಗೆ ಜನರನ್ನು ಕೊಟ್ಟು ಕೆಳಗಿಳಿಸಬೇಕು. ‘ಬೆಳಗಾಗಲಿ, ನೋಡೋಣ’ ಎಂದವರು ಜೀವ ಕಳೆದುಕೊಂಡದ್ದುಂಟು. ಎವರೆಸ್ಟ್ ದಾರಿಯ ಫೆರಿಚೆಯಲ್ಲೂ ಅನ್ನಪೂರ್ಣಾ ದಾರಿಯ ಮನಾಂಗ್‌ನಲ್ಲೂ, 1973ರಲ್ಲಿ ಆರಂಭವಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಚಾರಣದ ಕಾಲದಲ್ಲಿ ಚಿಕಿತ್ಸಾಲಯ ನಡೆಸುತ್ತದೆ. ಆ ದಾರಿಯಲ್ಲಿ ಹೋಗುವವರು ಗುರುತು ಹಾಕಿಕೊಳ್ಳಿ.

‘ನನ್ನ ಮಗ ದಿನಾ ಜಿಮ್‌ಗೆ ಹೋಗ್ತಾನೆ’ ಎನ್ನುವ ತಾಯಂದಿರಿಗೆ ಒಂದು ಮಾತು. ದೇಹಬಲಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಗಟ್ಟಿಮುಟ್ಟಾದ ಹುಡುಗರು ಪಂದ್ಯಕ್ಕೆ ಬಿದ್ದವರಂತೆ ಬೇಗ ಏರಿ ಬೇಗ ಮಲಗುತ್ತಾರೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ ಉಳಿಯಬೇಕು. ಲುಕ್ಲಾದಿಂದ ಹೊರಟವರು ನಾಮ್ಚೆಯಲ್ಲಿ (3,440 ಮೀಟರ್) ಎರಡು ರಾತ್ರಿ, ಡಿಂಗ್‌ಬೋಚೆಯಲ್ಲಿ ಮತ್ತೆರಡು ರಾತ್ರಿ ತಂಗುವುದು ಸೋಮಾರಿತನಕ್ಕಲ್ಲ. ಎರಡು ದಿನ ಕಡಿಮೆ, ನಾಲ್ಕು ಸಾವಿರ ಅಗ್ಗ ಎಂಬ ಜಾಹೀರಾತು ಕಂಡರೆ, ಕತ್ತರಿಸಿದ್ದು ಯಾವ ಎರಡು ದಿನ ಎಂದು ಕೇಳಿ. ಇನ್ನೊಂದು ವಿಷಯ. ಲುಕ್ಲಾದ ವಿಮಾನಗಳು ಹವಾಮಾನ ಕೆಟ್ಟರೆ ಹಾರುವುದಿಲ್ಲ. ಹೀಗೆ ಕಳೆದುಹೋದ ದಿನವನ್ನು ತುಂಬಿಕೊಳ್ಳಲು ಜನ ಮೊದಲು ಕೈ ಹಾಕುವುದು ವಿಶ್ರಾಂತಿಯ ದಿನಕ್ಕೆ. ಹಿಂದಿರುಗುವ ಟಿಕೆಟ್ಟಿಗೆ ಮುಂಚೆ ಎರಡು ದಿನ ಖಾಲಿ ಬಿಡಿ.

ಅಸೆಟಜೋಲಮೈಡ್ ಎಂಬ ಮಾತ್ರೆ ದೇಹ ಬೇಗ ಒಗ್ಗಲು ನೆರವಾಗುತ್ತದೆ. ಏರುವ ಹಿಂದಿನ ದಿನದಿಂದಲೇ ಶುರು ಮಾಡಬೇಕು. ಬೆರಳು ಜುಮುಗುಟ್ಟುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ. ಸಲ್ಫಾ ಔಷಧಿ ಒಗ್ಗದವರು ಮೊದಲೇ ಹೇಳಬೇಕು. ಯಾರೂ ವೈದ್ಯರನ್ನು ಕೇಳದೆ ನುಂಗುವುದು ಬೇಡ. ಮಾತ್ರೆ ಇದೆಯೆಂದು ಓಡುವುದೂ ಬೇಡ. ಮದ್ಯ, ನಿದ್ರೆಮಾತ್ರೆ ದೂರವಿರಲಿ. ದಾರಿಯ ಲಾಡ್ಜುಗಳಲ್ಲಿ ಸಿಗುವ ಬೆಳ್ಳುಳ್ಳಿ ಸಾರು ಚಳಿಗೆ ಬಲು ರುಚಿ, ಧಾರಾಳವಾಗಿ ಕುಡಿಯಿರಿ. ಆದರೆ ಅದಾಗಲಿ ಮೂಸುವ ಕರ್ಪೂರವಾಗಲಿ ಔಷಧಿಯಲ್ಲ.

ಹೃದಯ, ಶ್ವಾಸಕೋಶದ ತೊಂದರೆಯಿರುವವರು, ಗರ್ಭಿಣಿಯರು ಟಿಕೆಟ್ ಕೊಳ್ಳುವ ಮೊದಲೇ ತಪಾಸಣೆಗೆ ಬನ್ನಿ, ಕೊಂಡ ಮೇಲಲ್ಲ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಅದು ಮೈಗೆ ಅಂಟಿದ ಜೇಬಿನಲ್ಲಿರಲಿ. ವಿಮೆಯಲ್ಲಿ ನೀವು ಏರುವ ಎತ್ತರವೂ ಹೆಲಿಕಾಪ್ಟರ್ ಸಾಗಾಟವೂ ಸೇರಿದೆಯೇ ಎಂದು ಓದಿ ನೋಡಿ.

ಮೇಷ್ಟ್ರ ಪಟ್ಟಿಯನ್ನು ಇಬ್ಬರೂ ಕೂತು ತಿದ್ದಿದೆವು. ಜೋಮ್‌ಸೋಮ್‌ನಲ್ಲಿ (ಸುಮಾರು 2,700 ಮೀಟರ್) ಎರಡು ರಾತ್ರಿ, ಮರುದಿನ ಆರಾಮಾಗಿ ಹೋಗಿ ದರ್ಶನ ಮುಗಿಸಿ, ಸಂಜೆಗೆ ಕೆಳಗೆ ಬಂದು ಮಲಗುವುದು. ಏಜೆಂಟ್ ಗೊಣಗಿದನಂತೆ, ಹೆಚ್ಚುವರಿ ಹಣವನ್ನೂ ಕೇಳಿದನಂತೆ. ಮೇಷ್ಟ್ರು ಕೊಟ್ಟರು. ಬಿ.ಪಿ. ಮಾತ್ರೆಯನ್ನು ಹದಿನೈದು ದಿನಕ್ಕೆ ಬರೆದುಕೊಟ್ಟೆ; ಅರ್ಧ ತಮ್ಮ ಚೀಲದಲ್ಲಿ, ಅರ್ಧ ಮನೆಯವರ ಚೀಲದಲ್ಲಿ ಇಟ್ಟುಕೊಳ್ಳಲು ಹೇಳಿದ್ದೇನೆ.