ಬೆಳವಣಿಗೆಯ ಹಾರ್ಮೋನು: ರಕ್ತಪರೀಕ್ಷೆಯ ಅಂಕಿಗಿಂತ ಮೊದಲು ಅಳತೆಪಟ್ಟಿ

ಮಕ್ಕಳ ಎತ್ತರದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಅತಿರೇಕಗಳು ಕಾಣುತ್ತವೆ. 'ನಮ್ಮ ಮನೆತನವೇ ಗಿಡ್ಡ, ಮುಂದೆ ತಾನಾಗಿಯೇ ಬೆಳೆದೀತು' ಎಂದು ವರ್ಷಗಟ್ಟಲೆ ಸುಮ್ಮನಿರುವುದು ಒಂದು. ಯಾರೋ ಹೇಳಿದರೆಂದು ವೈದ್ಯರ ಸಲಹೆಯಿಲ್ಲದೆಯೇ ಪ್ರಯೋಗಾಲಯಕ್ಕೆ ಹೋಗಿ ರಕ್ತ ಕೊಟ್ಟು, ಬಂದ ಅಂಕಿಯನ್ನು ನೋಡಿ ಕಂಗಾಲಾಗುವುದು ಇನ್ನೊಂದು. ಮೊದಲನೆಯದು ಹಳೆಯ ರೋಗ. ಎರಡನೆಯದು ಇತ್ತೀಚೆಗೆ ಪೇಟೆಗಳಲ್ಲಿ ಬೆಳೆಯುತ್ತಿರುವ ರೋಗ. ಪರೀಕ್ಷೆ ಬೇಡವೆಂಬುದು ನನ್ನ ವಾದವಲ್ಲ. ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂಬುದನ್ನು ಅರಿಯದೆ ಮಾಡಿಸಿದರೆ ಹಣವೂ ಹೋಗುತ್ತದೆ, ಮಗುವಿನ ಅಮೂಲ್ಯವಾದ ಕಾಲವೂ ಹೋಗುತ್ತದೆ ಎಂಬುದಷ್ಟೇ ನನ್ನ ಮಾತು.

ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯೂಟರಿ ಗ್ರಂಥಿಯಿದೆ. ಬೆಳವಣಿಗೆಯ ಹಾರ್ಮೋನು ಸ್ರವಿಸುವುದು ಅಲ್ಲಿಂದಲೇ. ಆದರೆ ಅದು ನಲ್ಲಿಯ ನೀರಿನಂತೆ ಸದಾ ಹರಿಯುವುದಿಲ್ಲ. ಬಿಟ್ಟುಬಿಟ್ಟು ಅಲೆಅಲೆಯಾಗಿ, ಹೆಚ್ಚಾಗಿ ರಾತ್ರಿಯ ಗಾಢ ನಿದ್ರೆಯಲ್ಲಿ ಹೊರಬರುತ್ತದೆ. ಎರಡು ಅಲೆಗಳ ನಡುವೆ ಆರೋಗ್ಯವಂತ ಮಗುವಿನ ರಕ್ತದಲ್ಲಿಯೂ ಅದು ಇಲ್ಲವೆಂಬಷ್ಟು ಕಡಿಮೆಯಿರಬಹುದು. ಆದಕಾರಣ ಹಗಲಿನಲ್ಲಿ ಒಮ್ಮೆ ರಕ್ತ ತೆಗೆದು 'ಬೆಳವಣಿಗೆಯ ಹಾರ್ಮೋನು ಕಡಿಮೆ' ಎಂದು ಬರುವ ವರದಿಗೆ ಹೆಚ್ಚಿನ ಬೆಲೆಯಿಲ್ಲ. ಇಂತಹ ವರದಿಯನ್ನು ಕೈಯಲ್ಲಿ ಹಿಡಿದು ಅಳುತ್ತಾ ಬರುವ ತಾಯಂದಿರನ್ನು ಕಂಡಾಗ ಮನಸ್ಸಿಗೆ ಬೇಸರವಾಗುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದುದು ಐಜಿಎಫ್-1 ಪರೀಕ್ಷೆ. ಬೆಳವಣಿಗೆಯ ಹಾರ್ಮೋನು ತನ್ನ ಕೆಲಸವನ್ನೆಲ್ಲ ತಾನೇ ನೇರವಾಗಿ ಮಾಡುವುದಿಲ್ಲವೆಂದೂ, ರಕ್ತದಲ್ಲಿರುವ ಮತ್ತೊಂದು ವಸ್ತುವಿನ ಮೂಲಕ ಮೃದ್ವಸ್ಥಿಯನ್ನು ಬೆಳೆಸುತ್ತದೆಂದೂ 1957ರಲ್ಲಿ ಸಾಲ್ಮನ್ ಮತ್ತು ಡಾಘಡೆ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ವಸ್ತುವೇ ಇಂದಿನ ಐಜಿಎಫ್-1. ಅದರ ಬಹುಪಾಲು ಯಕೃತ್ತಿನಲ್ಲಿ ತಯಾರಾಗುತ್ತದೆ. ದಿನವಿಡೀ ಅದರ ಮಟ್ಟ ಹೆಚ್ಚುಕಡಿಮೆ ಸಮನಾಗಿರುವುದರಿಂದ ಯಾವ ಹೊತ್ತಿನಲ್ಲಿ ರಕ್ತ ಕೊಟ್ಟರೂ ನಡೆಯುತ್ತದೆ. ಸಾಮಾನ್ಯವಾಗಿ ಉಪವಾಸವೂ ಬೇಕಿಲ್ಲ.

ಈ ಅಂಕಿಯನ್ನು ಓದುವಲ್ಲಿಯೇ ಎಡವುವವರು ಬಹಳ. ಐಜಿಎಫ್-1 ಬಾಲ್ಯದಲ್ಲಿ ಕಡಿಮೆಯಿದ್ದು, ಪ್ರಾಯಕ್ಕೆ ಬರುವ ಕಾಲದಲ್ಲಿ ಶಿಖರಕ್ಕೇರಿ, ನಂತರ ವಯಸ್ಸಿನೊಡನೆ ಇಳಿಯುತ್ತಾ ಹೋಗುತ್ತದೆ. ಪ್ರತಿ ಮಿಲಿಲೀಟರಿಗೆ 120 ನ್ಯಾನೋಗ್ರಾಂ ಎಂಬ ಅಂಕಿ ಆರು ವರ್ಷದ ಮಗುವಿಗೆ ಸಹಜ. ಅದೇ ಅಂಕಿ ಮೀಸೆ ಚಿಗುರುತ್ತಿರುವ ಹದಿನಾಲ್ಕರ ಹುಡುಗನಿಗೆ ಕಡಿಮೆ. ಇಷ್ಟೇ ಅಲ್ಲ, ಹದಿನಾಲ್ಕಾದರೂ ಇನ್ನೂ ಪ್ರಾಯದ ಲಕ್ಷಣ ಮೂಡದ ಹುಡುಗನನ್ನು ಅದೇ ವಯಸ್ಸಿನ ಇತರರೊಡನೆ ಹೋಲಿಸುವುದೂ ಸರಿಯಲ್ಲ. ವರದಿಯ ಬದಿಯಲ್ಲಿ ಮುದ್ರಿಸಿರುವ ಮಿತಿ ಮಗುವಿನ ವಯಸ್ಸಿಗೂ ಲಿಂಗಕ್ಕೂ ಹೊಂದುವಂತಹುದೇ ಎಂಬುದನ್ನು ಮೊದಲು ನೋಡಬೇಕು.

ಇನ್ನು ಈ ಅಂಕಿ ಕಡಿಮೆಯಿದ್ದರೆ ದೋಷ ಪಿಟ್ಯೂಟರಿಯದ್ದೇ ಎನ್ನುವಂತಿಲ್ಲ. ಹೊಟ್ಟೆಗೆ ಸಾಲದ ಮಗುವಿನಲ್ಲಿ ಐಜಿಎಫ್-1 ಇಳಿಯುತ್ತದೆ. ಥೈರಾಯ್ಡ್ ಕೊರತೆ, ಯಕೃತ್ತಿನ ಕಾಯಿಲೆ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಗೋಧಿ ಒಗ್ಗದ ಸೀಲಿಯಾಕ್ ರೋಗ, ಇವೆಲ್ಲವೂ ಅದನ್ನು ಇಳಿಸಬಲ್ಲವು. ರೊಟ್ಟಿ, ಬೇಳೆ, ಹಾಲು ಸರಿಯಾಗಿ ಸೇರದ ಮಗುವಿಗೆ ದುಬಾರಿ ಹಾರ್ಮೋನಿನ ಚಿಂತೆ ಮಾಡುವುದು ಬೇರಿಗೆ ನೀರೆರೆಯದೆ ಎಲೆಗೆ ಎರೆದಂತೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೂಡ ಕೆಲವು ಯಂತ್ರಗಳ ಲೆಕ್ಕವನ್ನು ತಪ್ಪಿಸುತ್ತದೆ. ಅಂತಹ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಬೇಕು.

ಅನುಮಾನ ಬಲವಾದಾಗ ವೈದ್ಯರು ಪ್ರಚೋದನಾ ಪರೀಕ್ಷೆಗೆ ಬರೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ಕ್ಲೋನಿಡಿನ್ ಮಾತ್ರೆಯನ್ನೋ ಗ್ಲುಕಗಾನ್ ಚುಚ್ಚುಮದ್ದನ್ನೋ ಕೊಟ್ಟು, ಎರಡು ಮೂರು ಗಂಟೆಗಳ ಕಾಲ ಅರ್ಧಗಂಟೆಗೊಮ್ಮೆ ರಕ್ತ ತೆಗೆದು, ಗ್ರಂಥಿ ಎಷ್ಟರ ಮಟ್ಟಿಗೆ ಸ್ರವಿಸಬಲ್ಲದೆಂದು ನೋಡುವುದು ಇದರ ಕ್ರಮ. ಕ್ಲೋನಿಡಿನ್ ರಕ್ತದೊತ್ತಡವನ್ನು ಇಳಿಸಿ ಮಂಪರು ತರುವುದರಿಂದ ಇದು ಆಸ್ಪತ್ರೆಯಲ್ಲಿಯೇ, ಕಣ್ಗಾವಲಿನಲ್ಲಿಯೇ ನಡೆಯತಕ್ಕದ್ದು. ಶಿಖರಮಟ್ಟ 7ರಿಂದ 10 ನ್ಯಾನೋಗ್ರಾಂ ದಾಟಿದರೆ ಸಾಕೆಂಬುದು ರೂಢಿ. ಒಂದು ಕಡೆ 7 ಎಂದೂ ಇನ್ನೊಂದು ಕಡೆ 10 ಎಂದೂ ಇರುವುದನ್ನು ಗಮನಿಸಿರಿ: ಇದು ಪ್ರಕೃತಿ ಎಳೆದ ಗೆರೆಯಲ್ಲ, ತಜ್ಞರು ಒಪ್ಪಿಕೊಂಡ ಗೆರೆ. ಏನೂ ದೋಷವಿಲ್ಲದ ಮಕ್ಕಳೂ ಒಂದು ಪರೀಕ್ಷೆಯಲ್ಲಿ ಈ ಗೆರೆಯನ್ನು ದಾಟದಿರುವುದುಂಟು. ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಕೇಳುವುದು ಇದಕ್ಕಾಗಿಯೇ ಹೊರತು ಹಣ ಕೀಳಲು ಅಲ್ಲ.

ಇವೆಲ್ಲಕ್ಕಿಂತ ಮೊದಲು ಬೇಕಾದುದು ಅಳತೆಪಟ್ಟಿ. ನಾಲ್ಕು ವರ್ಷದಿಂದ ಪ್ರಾಯ ಮೂಡುವವರೆಗೆ ಮಗು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಬೆಳೆಯಬೇಕು. 4ಕ್ಕಿಂತ ಕಡಿಮೆಯಾದರೆ ಮಗು ನೋಡಲು ಎಷ್ಟೇ ಚುರುಕಾಗಿರಲಿ, ಮಕ್ಕಳ ವೈದ್ಯರಲ್ಲಿಗೆ ಹೋಗಲೇಬೇಕು. ಬರಿಗಾಲಿನಲ್ಲಿ, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿರಟ್ಟಿನ ಪುಸ್ತಕವನ್ನು ಅಡ್ಡಲಾಗಿ ಒತ್ತಿ ಗುರುತು ಮಾಡಿರಿ. ಆರು ತಿಂಗಳಿಗೊಮ್ಮೆ, ಅದೇ ಹೊತ್ತಿನಲ್ಲಿ. ತಂದೆ ತಾಯಿಯರ ಎತ್ತರವನ್ನು ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿದರೆ ಮಗು ತಲುಪಬಹುದಾದ ಎತ್ತರದ ಅಂದಾಜು ಸಿಗುತ್ತದೆ. ತಂದೆ 168, ತಾಯಿ 150 ಸೆಂಟಿಮೀಟರ್ ಇದ್ದರೆ ಮಗನಿಗೆ 165.5, ಮಗಳಿಗೆ 152.5, ಇದರಲ್ಲಿ ಎಂಟು ಸೆಂಟಿಮೀಟರ್ ಹೆಚ್ಚುಕಡಿಮೆಯಾಗಬಹುದು. ಇಂತಹ ಮಗುವನ್ನು ಆರಡಿಯ ನೆರೆಮನೆಯ ಹುಡುಗನಿಗೆ ಹೋಲಿಸಿ ಎತ್ತರ ಹೆಚ್ಚಿಸುವ ಪುಡಿಯನ್ನು ತಂದು ಕೊಡುವುದು ಅವಿವೇಕವೆಂದೇ ಹೇಳುತ್ತೇನೆ.

ಹೆಣ್ಣುಮಕ್ಕಳ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಮಗ ಗಿಡ್ಡನಾದರೆ ವೈದ್ಯರಲ್ಲಿಗೆ ಓಡುವ ಮನೆಯೇ ಮಗಳ ವಿಷಯ ಬಂದಾಗ 'ಹುಡುಗಿಗೇಕೆ ಅಷ್ಟು ಎತ್ತರ' ಎನ್ನುತ್ತದೆ. ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಇಲ್ಲದಿರುವ ಅಥವಾ ಅಪೂರ್ಣವಾಗಿರುವ ಟರ್ನರ್ ಸ್ಥಿತಿಯಲ್ಲಿ ಹುಡುಗಿಯ ಬೆಳವಣಿಗೆ ಕುಂಠಿತವಾಗುತ್ತದೆ. ಋತುಮತಿಯಾಗುವುದೂ ತಡವಾಗುತ್ತದೆ ಇಲ್ಲವೇ ಆಗುವುದೇ ಇಲ್ಲ. ಹೃದಯದ ತೊಂದರೆಯೂ ಇರಬಹುದು. ಇವರಲ್ಲಿ ಹಾರ್ಮೋನಿನ ಪರೀಕ್ಷೆ ಬಹುಮಟ್ಟಿಗೆ ಸಹಜವಾಗಿಯೇ ಬರುತ್ತದೆ! ಆ ಕಾಗದವನ್ನು ನಂಬಿ ಸುಮ್ಮನಾದರೆ, ಹದಿನೈದಾದರೂ ಮುಟ್ಟಾಗಲಿಲ್ಲವೆಂದು ಗಾಬರಿಯಾಗುವ ಹೊತ್ತಿಗೆ ಎತ್ತರದ ಚಿಕಿತ್ಸೆಯ ಕಾಲ ಬಹಳಷ್ಟು ಕಳೆದಿರುತ್ತದೆ. ಎಲುಬಿನ ತುದಿಯ ಬೆಳೆಯುವ ಭಾಗ ಒಮ್ಮೆ ಬೆಸೆದುಕೊಂಡ ಮೇಲೆ ಯಾವ ಚುಚ್ಚುಮದ್ದೂ ಒಂದು ಬೆರಳಿನಷ್ಟು ಎತ್ತರವನ್ನೂ ಕೊಡಲಾರದು. ಕಾರಣ ತಿಳಿಯದೆ ಕುಳ್ಳಾಗಿಯೇ ಉಳಿದ ಹುಡುಗಿಗೆ ವರ್ಣತಂತು ಪರೀಕ್ಷೆ ಆಗಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದೊಡ್ಡವರಲ್ಲಿ ಇದೇ ಐಜಿಎಫ್-1 ತದ್ವಿರುದ್ಧವಾದ ಕಾಯಿಲೆಯನ್ನು ಹಿಡಿದುಕೊಡುತ್ತದೆ. ಪಿಟ್ಯೂಟರಿಯಲ್ಲಿ ಸಣ್ಣ ಗಂಟು ಬೆಳೆದು ಹಾರ್ಮೋನು ಅತಿಯಾದರೆ ಆಕ್ರೋಮೆಗಲಿ ಬರುತ್ತದೆ. 1886ರಲ್ಲಿ ಫ್ರಾನ್ಸಿನ ಪಿಯರ್ ಮರಿ ಎಂಬ ವೈದ್ಯರು ಕೊಟ್ಟ ಹೆಸರಿದು. ಮದುವೆಯ ಉಂಗುರ ಬೆರಳಿಗೆ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಹೆಚ್ಚುತ್ತದೆ, ದವಡೆ ಮುಂದೆ ಬಂದು ಹಲ್ಲುಗಳ ನಡುವೆ ಸಂದು ಬೀಳುತ್ತದೆ, ಗೊರಕೆ, ಬೆವರು, ಸಕ್ಕರೆ, ರಕ್ತದೊತ್ತಡ ಜೊತೆಗೂಡುತ್ತವೆ. ಬದಲಾವಣೆ ಬಹಳ ನಿಧಾನವಾದುದರಿಂದ ಮನೆಯವರಿಗೇ ತಿಳಿಯುವುದಿಲ್ಲ. ಹತ್ತು ವರ್ಷದ ಹಿಂದಿನ ಭಾವಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಇಲ್ಲಿ ಐಜಿಎಫ್-1 ಹೆಚ್ಚಿದ್ದರೆ, 75 ಗ್ರಾಂ ಗ್ಲೂಕೋಸ್ ಕುಡಿಸಿ ಬೆಳವಣಿಗೆಯ ಹಾರ್ಮೋನನ್ನು ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಅದು 1 ನ್ಯಾನೋಗ್ರಾಂಗಿಂತ ಕೆಳಗಿಳಿಯುತ್ತದೆ, ಈ ರೋಗದಲ್ಲಿ ಇಳಿಯುವುದಿಲ್ಲ. ಮೂಗಿನ ದಾರಿಯಿಂದಲೇ ಆ ಗಂಟನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇಂದು ಲಭ್ಯವಿದೆ.

ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಜನನದ ತೂಕ ಬರೆದಿರುವ ತಾಯಿ ಕಾರ್ಡು, ಶಾಲೆಯಲ್ಲಿ ಬರೆದಿಟ್ಟ ಎತ್ತರದ ದಾಖಲೆ, ಮನೆಯ ಗೋಡೆಯ ಗುರುತುಗಳ ತಾರೀಖು, ತಂದೆ ತಾಯಿಯರ ಎತ್ತರ, ತಾಯಿ ಋತುಮತಿಯಾದ ವಯಸ್ಸು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಸಾಧ್ಯವಾದರೆ ತಂದೆ ತಾಯಿಯರಿಬ್ಬರೂ ಹೋಗಿರಿ. ಎಡಗೈಯ ಮಣಿಕಟ್ಟಿನ ಎಕ್ಸ್-ರೇಯಿಂದ ಎಲುಬಿನ ವಯಸ್ಸನ್ನೂ, ಸಾಮಾನ್ಯ ರಕ್ತಪರೀಕ್ಷೆಗಳಿಂದ ಥೈರಾಯ್ಡ್ ಮೊದಲಾದವನ್ನೂ ನೋಡಿದ ಮೇಲೆ, ಐಜಿಎಫ್-1 ಬೇಕೇ ಬೇಡವೇ ಎಂಬುದನ್ನು ಅವರೇ ಹೇಳುತ್ತಾರೆ.