ಕವಚ ತೊಟ್ಟ ನದೀನೌಕೆಗಳು

ನಮ್ಮ ಪಟ್ಟಂದೂರು ಅಗ್ರಹಾರದಲ್ಲಿ ಕೆರೆಯುಂಟು, ನದಿಯಿಲ್ಲ. ಆದಕಾರಣ ನದಿಯಲ್ಲಿಯೂ ಯುದ್ಧನೌಕೆಗಳಿದ್ದುವೆಂದರೆ ನಮ್ಮ ಮೊಮ್ಮಕ್ಕಳು ನಗುವರು. ವಾಚಕರೇ, ಯೂರೋಪಿನ ಡ್ಯಾನ್ಯೂಬ್ ನದಿಯ ಹೆಸರು, ದ್ರವವಾಚಕವಾದ ನಮ್ಮ ವೇದದ ‘ದಾನು’ ಶಬ್ದಕ್ಕೆ ಬಂಧುವೆಂದು ಭಾಷಾಶಾಸ್ತ್ರಜ್ಞರ ಮತ. ಆ ನದಿಯ ಕಾವಲಿಗಾಗಿ ರುಮೇನಿಯಾ ದೇಶವು 1907-08ರಲ್ಲಿ ಉಕ್ಕಿನ ಕವಚದ ನಾಲ್ಕು ನೌಕೆಗಳನ್ನು ಕಟ್ಟಿಸಿ, ತನ್ನ ರಾಜನೀತಿಜ್ಞರ ಹೆಸರುಗಳನ್ನಿಟ್ಟಿತು. ಆಳವಿಲ್ಲದ ನೀರಿನಲ್ಲಿಯೂ ಅವು ಸಂಚರಿಸುತ್ತಿದ್ದುವು; ಒಂದೊಂದರಲ್ಲಿ 120 ಮಿಲಿಮೀಟರಿನ ಮೂರು ಫಿರಂಗಿಗಳು.

1944ರ ಆಗಸ್ಟ್ 23ರಂದು ರುಮೇನಿಯಾ ಸೋವಿಯತ್ ದೇಶದೊಡನೆ ಯುದ್ಧವನ್ನು ನಿಲ್ಲಿಸಿತು. ಮರುದಿನವೇ ಸೋವಿಯತ್ ವಿಮಾನಗಳು ಕತಾರ್ಜಿಯು, ಕೊಗಲ್ನಿಚಾನು ಎಂಬ ಎರಡು ನೌಕೆಗಳನ್ನು ಮುಳುಗಿಸಿದುವು. ದಡದ ಗುಂಡಿಗೆಂದು ತೊಟ್ಟ ಕವಚವು ಆಕಾಶದಿಂದ ಬಂದ ಹಗೆಯನ್ನು ತಡೆಯಲಿಲ್ಲ. ತಡವಾಗಿ ಬಂದ ಶಾಂತಿವಚನವೂ ಕಾಯಲಿಲ್ಲ. ಕಲಹವನ್ನು ಬೇಗನೆ ಮುಗಿಸುವವನೇ ಜಾಣನೆಂದು ನಾವು ಮೊಮ್ಮಕ್ಕಳಿಗೆ ಹೇಳಿದೆವು, ಅವರು ನಗಲಿಲ್ಲ.