ಪೇಟೆಗೆ ಹೊರಡುವ ಮುನ್ನ ಟೇಪು ಹಿಡಿಯಿರಿ

ದೊಡ್ಡ ಷೋರೂಮಿನ ಗಾಜಿನೊಳಗೆ ಸಿಂಗರಿಸಿಟ್ಟ ಹಾಲ್ ನೋಡಿ, "ನಮ್ಮ ಮನೆಗೂ ಈ ಅಂದ ಬಂದೀತೇ?" ಎಂದು ನಿಟ್ಟುಸಿರು ಬಿಡದ ಗೃಹಿಣಿ ಯಾರಿದ್ದಾರೆ ಹೇಳಿ? ಖಂಡಿತ ಬಂದೀತು. ಆದರೆ ಆ ಹಾಲ್ ಅಷ್ಟು ಚೆನ್ನಾಗಿ ಕಾಣುವುದು ಯಾಕೆ ಅಂತ ಒಂದು ನಿಮಿಷ ನಿಂತು ನೋಡಿ. ಅಲ್ಲಿರುವುದು ಎರಡೋ ಮೂರೋ ಬಣ್ಣ, ಅಷ್ಟೆ. ಮದುವೆಗೆ ಉಡುಗೊರೆ ಬಂದ ನಾಲ್ಕು ಗಡಿಯಾರ, ಧೂಳು ಹಿಡಿದ ಪ್ಲಾಸ್ಟಿಕ್ ಹೂವು ಒಂದೂ ಇಲ್ಲ!

ನಮ್ಮ ಪಕ್ಕದ ಮನೆಯವರ ಮಗಳು ಮದುವೆಯಾಗಿ ಬೆಂಗಳೂರಿನಲ್ಲೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಅತ್ತೆ ಮಾವ ದೀಪಾವಳಿಗೆ ಬರುವವರಿದ್ದರು. ಅವರ ಮುಂದೆ ಮನೆ ಬೋಳುಬೋಳಾಗಿ ಕಾಣಬಾರದು ಅನ್ನೋದು ಅವಳ ಚಿಂತೆ. ಸೋಫಾ, ಪರದೆ, ಕಾರ್ಪೆಟ್ಟು ಎಲ್ಲವನ್ನೂ ಕಂತಿನಲ್ಲಿ ತರಲು ಗಂಡ ಹೆಂಡತಿ ತೀರ್ಮಾನಿಸಿದ್ದರು. ಲೆಕ್ಕ ಹಾಕಿದರೆ ತಿಂಗಳ ಕಂತೇ ಬಾಡಿಗೆಯ ಅರ್ಧದಷ್ಟು, ಅದೂ ಎರಡು ವರ್ಷ! "ಅಷ್ಟರೊಳಗೆ ಮನೆ ಬದಲಾಯಿಸಿದರೆ ಆ ಸೋಫಾ ಹೊಸ ಮನೆಯ ಬಾಗಿಲಲ್ಲಿ ಹಿಡಿಸುತ್ತೇನಮ್ಮ?" ಅಂದೆ. ಹುಡುಗಿ ಸುಮ್ಮನಾದಳು. ಕೈಗೆ ಟೇಪು ಕೊಟ್ಟೆ.

ಕಿಟಕಿ ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ. ಪರದೆ ನೆರಿಗೆ ನೆರಿಗೆಯಾಗಿ ಇಳಿಬೀಳಬೇಕಾದರೆ ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ಬೇಕು. ಅಂದರೆ 48 ಅಂಗುಲ ಪನ್ನದ ಬಟ್ಟೆಯಲ್ಲಿ ಎರಡು ಪರದೆ. ಎತ್ತರಕ್ಕೆ ಮೇಲೆ ಅರ್ಧ ಅಡಿ, ಕೆಳಗೆ ಅರ್ಧ ಅಡಿ ಸೇರಿಸಿ, ಮಡಿಕೆ ಹೊಲಿಗೆಗೆ ಇನ್ನೊಂದು ಅಡಿ ಬಿಡಿ. ಒಂದು ಪರದೆಗೆ ಆರು ಅಡಿಯಾಯಿತು. ಎರಡಕ್ಕೂ ಸೇರಿ ಸುಮಾರು ಮೂರೂ ಮುಕ್ಕಾಲು ಮೀಟರು. ಹತ್ತಿ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಆದ್ದರಿಂದ ನಾಲ್ಕು ಮೀಟರು ಕೇಳಿ, ನೆನೆಸಿ ಒಣಗಿಸಿದ ಮೇಲೇ ಹೊಲಿಸಿ. ಈ ಲೆಕ್ಕ ಚೀಟಿಯಲ್ಲಿ ಬರೆದುಕೊಂಡು ಹೋದವರಿಗೆ ಅಂಗಡಿಯವರು ಸುಮ್ಮನೆ ಆರು ಮೀಟರು ಕಟ್ಟಿ ಕಳಿಸುವುದಿಲ್ಲ.

ಚಿಕ್ಕಪೇಟೆಗೆ ಹೋದೆವು. 2017ರಲ್ಲಿ ಅಲ್ಲಿಗೆ ಮೆಟ್ರೋ ಬಂದ ಮೇಲೆ ಗಂಟುಮೂಟೆ ಹೊತ್ತು ಬಸ್ಸಿಗೆ ಕಾಯುವ ಪಾಡು ಎಷ್ಟೋ ತಪ್ಪಿದೆ. ಬಟ್ಟೆಯನ್ನು ಅಂಗಡಿಯ ದೀಪದಲ್ಲಿ ನೋಡಿ ಮೆಚ್ಚಿಬಿಡಬೇಡಿ. ಬಾಗಿಲ ಬಳಿ ಬಿಸಿಲಿಗೆ ಹಿಡಿಯಿರಿ. ಕರವಸ್ತ್ರದ ತುದಿ ಒದ್ದೆ ಮಾಡಿ ಒಂದು ಮೂಲೆಯಲ್ಲಿ ಉಜ್ಜಿ. ಬಣ್ಣ ಹತ್ತಿದರೆ ಮೊದಲ ಒಗೆತಕ್ಕೇ ಗೋಳು. "ಅಕ್ಕಾ, ಪೂರಾ ಸೆಟ್ಟೇ ತಗೊಳ್ಳಿ" ಅಂತ ಒತ್ತಾಯ ಮಾಡುತ್ತಾರೆ. ಪರದೆ, ಕುಶನ್, ಮಂಚದ ಹೊದಿಕೆ ಎಲ್ಲಕ್ಕೂ ಅದೇ ಹೂವು ಬಂದರೆ ಮನೆ ಲಾಡ್ಜಿನ ಕೋಣೆಯ ಹಾಗೆ ಕಾಣುತ್ತದೆ, ನನಗಂತೂ ಹಿಡಿಸದು. ಅದರ ಬದಲು ಕಟ್ ಪೀಸ್ ರಾಶಿ ಕೆದಕಿ. 16 ಅಂಗುಲದ ಕುಶನ್ನಿಗೆ 48 ಅಂಗುಲ ಪನ್ನದ ಅರ್ಧ ಮೀಟರು ಸಾಕು. ಹಿಂಭಾಗ ಎರಡು ತುಂಡು ಮಾಡಿ ಒಂದರ ಮೇಲೊಂದು ಬರುವಂತೆ ಹೊಲಿದರೆ ಜಿಪ್ಪಿನ ಖರ್ಚೂ ಇಲ್ಲ. ಸಾದಾ ಹತ್ತಿಯ ಮೇಲೆ ಗುಳೇದಗುಡ್ಡದ ಖಣದ ಒಂದು ಪಟ್ಟಿ ಕೊಟ್ಟು ನೋಡಿ, ಎಷ್ಟು ಲಕ್ಷಣ! ಖಣ ಬಣ್ಣ ಬಿಡಬಹುದು, ಅದನ್ನೂ ಮೊದಲೇ ಒದ್ದೆ ಮಾಡಿ ನೋಡಿಕೊಳ್ಳಿ.

ಸೋಫಾ ಬದಲಿಗೆ ಎರಡು ಹಾಸಿಗೆ ಮೆತ್ತೆ, ನಾಲ್ಕು ಒರಗುದಿಂಬು, ಕೆಳಗೆ ಒಂದು ಒಳ್ಳೆ ಜಮಖಾನ. ಉಳಿದ ದುಡ್ಡನ್ನೆಲ್ಲ ನಾನು ಹಾಕಿಸಿದ್ದು ಈ ಜಮಖಾನಕ್ಕೇ. ನವಲಗುಂದದ ಹೆಂಗಸರು ಮಗ್ಗದಲ್ಲಿ ಕೈಯಿಂದ ನೇಯುವ ಜಮಖಾನವದು. ಈಗ ನೇಯುವವರು ಕೆಲವರೇ ಉಳಿದಿದ್ದಾರೆ. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಕರಕುಶಲ ಮೇಳಗಳಲ್ಲಿ ಹುಡುಕಬೇಕು. ಇಲ್ಲಿ ಮಾತ್ರ ಚಿಕ್ಕಪೇಟೆಯ ಚೌಕಾಸಿ ಬೇಡ, ದಯವಿಟ್ಟು. ಕೈಮಗ್ಗವೆಂದು ಹೇಳಿ ಯಂತ್ರದ್ದನ್ನು ಮಾರುವವರೂ ಉಂಟು, ಅದಕ್ಕೇ 2006ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಕೈಮಗ್ಗದ ಗುರುತಿನ ಚೀಟಿ ಇದೆಯೇ ನೋಡಿ.

ಮಾವನವರು ಧಾರವಾಡದ ಕಡೆಯವರು. ಬಂದವರೇ ಚಪ್ಪಲಿ ಬಿಟ್ಟು, ಜಮಖಾನ ಮುಟ್ಟಿ ನೋಡಿ, "ಇದು ನಮ್ಮ ನವಲಗುಂದದ್ದಲ್ಲೇನವಾ?" ಅಂದರಂತೆ. ಅತ್ತೆ ಏನಂದರೋ ಹುಡುಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ!

ಗೋಡೆಗೆ ಮೊಳೆ ಹೊಡೆಯಲು ಮನೆ ಮಾಲೀಕರು ಬಿಡದಿದ್ದರೆ ಪಟಗಳ ಆಸೆ ಬಿಡಿ. ಎಂ.ಜಿ. ರಸ್ತೆಯ ಕಾವೇರಿಯಲ್ಲಿ ಚನ್ನಪಟ್ಟಣದ ಬೊಂಬೆ ಒಂದೆರಡು ತಂದು ಷೆಲ್ಫಿನಲ್ಲಿಡಿ, ಹತ್ತು ಬೇಡ. ಆಲೆ ಮರದ ಮೇಲೆ ಅರಗಿನ ಬಣ್ಣ ಕೊಟ್ಟಿರುತ್ತಾರೆ. ನೀರು ತಾಗಿಸದೆ ಒಣ ಬಟ್ಟೆಯಲ್ಲಿ ಒರೆಸಿದರೆ ಹೊಳಪು ಹೋಗುವುದಿಲ್ಲ. ಜಮಖಾನವನ್ನು ವಾರಕ್ಕೊಮ್ಮೆ ಕೊಡವಿ, ನೆರಳಿನಲ್ಲಿ ಹರವಿ. ಮಡಚಿ ಇಡಬೇಡಿ, ಸುತ್ತಿಡಿ.